ವಿಲ್ಮಾ ಒಪ್ಪುವಂಥ ಬೆಳಕು

ಸೆಕೆಗೆ ಹೆಸರಾದ ಮೆರಿಡಾ ಊರಿನಲ್ಲಿ ಬಿಸಿಲಿಗೆ ಆಸೆಪಡುವವರು ಯಾರಾದರೂ ಇದ್ದರೆ ಅವರು ಖಂಡಿತ ಹೊರಗಿನವರು. ನಿದಿಯಾ ಉಯ್ಕಾಬಳ ಕಸುಬು ನಡೆಯುತ್ತಿದ್ದದ್ದೇ ಅಂಥವರಿಂದ. ಕೆನಡಾದಿಂದಲೋ ಇನ್ನೆಲ್ಲಿಂದಲೋ ಬಂದವರು ಊರಿನ ಸಂತಿಯಾಗೊ ಕೇರಿಯ ಯಾವುದೋ ಹಳೇ ಮನೆ ನೋಡಿ ಮರುಳಾಗುತ್ತಿದ್ದರು. ಕುಸಿದ ಚಾವಣಿಯ ಕೆಳಗೆ ನಿಂತು, ರಿಪೇರಿ ಆದಮೇಲೆ ಇದು ಹೇಗೆ ಕಾಣುತ್ತದೆ ಎಂದು ಕೇಳುತ್ತಿದ್ದರು. ಅವರಿಗೆ ತೋರಿಸಲೆಂದು ನಿದಿಯಾ ಆ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದಳು. ಗೋಡೆ ಎಬ್ಬಿಸಿ, ನೆಲಕ್ಕೆ ಟೈಲ್ಸ್ ಹಾಸಿ, ಸೋಫಾ ಎಳೆದಿಟ್ಟು, ಕೊನೆಗೆ ಸೂರ್ಯನನ್ನು ತಂದು ಬೇಕಾದ ಕಡೆ ನಿಲ್ಲಿಸುತ್ತಿದ್ದಳು. ಕಂಪ್ಯೂಟರು ಅಷ್ಟೂ ಬೆಳಕಿನ ಲೆಕ್ಕ ಹಾಕಿ, ಫೋಟೋ ಎಂದೇ ನಂಬುವಂಥ ಚಿತ್ರ ತೆಗೆದುಕೊಡುತ್ತಿತ್ತು. ಅದನ್ನು ತಿದ್ದಿ ತೀಡಿ, ಮಂಕಾದಲ್ಲಿ ಬೆಳಗಿಸಿ, ಬಣ್ಣ ಹದಮಾಡಿ ಕೊಟ್ಟರೆ ಅವಳ ಕೆಲಸ ಮುಗಿಯಿತು.

ಅವಳ ಯಜಮಾನ ರುಸೆಲ್ ಆಂಕೋನಾ ಎಂಬ ಆರ್ಕಿಟೆಕ್ಟ್. ಆತ ಬೆನ್ನ ಹಿಂದೆ ಬಂದು ನಿಂತು ಹೇಳುತ್ತಿದ್ದದ್ದು ಒಂದೇ ಮಾತು: "ಇನ್ನೂ ಬಿಸಿಲು, ನಿದಿಯಾ! ಸಾಲ್ದು! ಬರೋರು ಹಿಮದಿಂದ ಬರ್ತಾರೆ ಕಣಮ್ಮ, ಧಾರಾಳವಾಗಿ ಸುರಿ!" ನಿದಿಯಾ ಸುರಿಯುತ್ತಿದ್ದಳು. ಕಿಟಕಿಗಳನ್ನು ಹಾರುಹೊಡೆದು, ಬಿಳಿ ಗೋಡೆಗೆ ಬಿಸಿಲು ಬಡಿದು, ಕಿಟಕಿಯ ಅಂಚಿಗೆ ಒಂದಿಷ್ಟು ಮಂಜುಮಂಜಾದ ಹೊಳಪು ಸವರಿಬಿಡುತ್ತಿದ್ದಳು. ನೋಡಿದವರು ಆಹಾ ಎನ್ನುತ್ತಿದ್ದರು, ಮನೆ ಮಾರಾಟವಾಗುತ್ತಿತ್ತು. ಆಮೇಲೆ ಅವರು ಬಂದು ವಾಸಮಾಡಿ, ಏಪ್ರಿಲ್ ತಿಂಗಳಲ್ಲಿ ಬೆಂದುಹೋಗಿ, ಎಲ್ಲ ಕಿಟಕಿಗೂ ದಪ್ಪ ಪರದೆ ಹೊಲಿಸಿಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು.

ನಿದಿಯಾಳ ಅಪ್ಪ ದೊನ್ ಲಿಂಬರ್ಟ್ ಸಾನ್ ಸೆಬಾಸ್ತಿಯಾನ್ ಕೇರಿಯಲ್ಲಿ ಬ್ರೆಡ್ ಸುಡುವವನು. ಹೆಂಡತಿ ಎಲ್ಮಿ ತೀರಿಕೊಂಡಮೇಲೆ ಒಲೆಯ ಮುಂದೆ ಹಾಡುವುದನ್ನು ಬಿಟ್ಟಿದ್ದ. ವರ್ಷಗಳೇ ಕಳೆದವು. ಈಚೆಗೆ ಕೆಲವು ತಿಂಗಳಿಂದ ಮತ್ತೆ ಶುರುಮಾಡಿದ್ದ. ರಾಗಕ್ಕೂ ಅವನಿಗೂ ಎಂದೂ ಆಗಿಬಂದಿರಲಿಲ್ಲ. ಬೆಳಗಾಗುವ ಮೊದಲೇ ಅಕ್ಕಪಕ್ಕದವರು ಎದ್ದು ಕೂರುತ್ತಿದ್ದರು. ಆದರೂ ಯಾರೊಬ್ಬರೂ ದೂರಲಿಲ್ಲ. ಆ ಹಾಡಿಗೆ ಕಾರಣ ಯಾರೆಂದು ಕೇರಿಗೆಲ್ಲ ಗೊತ್ತಿತ್ತು. ಎರಡು ಬೀದಿ ಆಚೆಯ ದೊನ್ಯಾ ವಿಲ್ಮಾ, ಉಯಿಪಿಲ್ ನಿಲುವಂಗಿಗಳಿಗೆ ಹೂವಿನ ಕಸೂತಿ ಹಾಕುವವಳು, ಮದುವೆಯ ಗೋಜಿಗೇ ಹೋಗದೆ ಐವತ್ತೆಂಟು ದಾಟಿದವಳು, ಬ್ರೆಡ್ ಕೊಳ್ಳಲು ಬಂದು ಮಾತಿಗೆ ನಿಂತಿದ್ದಳು. ಈಗ ದಿನಾ ಸಂಜೆ ಲಿಂಬರ್ಟನೇ ಅವಳ ಮನೆಗೆ ಬ್ರೆಡ್ ಒಯ್ಯುತ್ತಿದ್ದ.

ಒಂದು ಸೋಮವಾರ, ಊರಿನ ಎಲ್ಲ ಮನೆಗಳಲ್ಲಿರುವಂತೆ ಅವರಲ್ಲೂ ಕಪ್ಪು ಬೀನ್ಸಿನ ಜೊತೆ ಹಂದಿಮಾಂಸ ಬೆಂದಿತ್ತು. ಅಪ್ಪ ತಟ್ಟೆಗೆ ಮೂಲಂಗಿ ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದ.

"ನಾನು ವಿಲ್ಮಾನ್ನ ಕೇಳ್ಬಿಟ್ಟೆ."

"ಏನಂತ ಕೇಳ್ದೆ?"

"ಇನ್ನೇನ್ ಕೇಳ್ತಾರೆ ಹೆಂಗಸನ್ನ? ಈಸ್ಟ್ ಇದ್ಯಾ ಅಂತಾನಾ?"

ನಿದಿಯಾಳ ಚಮಚ ತಟ್ಟೆಗೆ ಬಿತ್ತು. "ಏನಂದ್ರಪ್ಪಾ?"

"ಆಗಲ್ಲ ಅನ್ಲಿಲ್ಲ."

"ಆಗ್ಲಿ ಅಂದ್ರಾ?"

"ಅದೂ ಅನ್ಲಿಲ್ಲ. 'ಆ ಮನೇಲಿ ಒಂದೊಂದು ಮೊಳೆನೂ ಎಲ್ಮಿ ಕೈದು, ಅಲ್ಲಿ ಬಂದು ನೆಂಟರ ಥರ ಇರಕ್ಕೆ ನನ್ ಕೈಲಾಗಲ್ಲ' ಅಂದ್ಲು. ಮನೇನ ಪೂರ್ತಿ ಹೊಸದು ಮಾಡಿಸ್ತೀನಿ ಅಂದೆ. 'ಹಂಗಾದ್ರೆ ಹೆಂಗಿರುತ್ತೆ ತೋರ್ಸು, ನೋಡಿ ಹೇಳ್ತೀನಿ' ಅಂದ್ಲು. ನಾನೂ ಬಿಡ್ಲಿಲ್ಲ. ನನ್ ಮಗಳು ಇಲ್ದೇ ಇರೋ ಮನೆ ತೋರ್ಸಿ ಹೊರದೇಶದ ಗ್ರಿಂಗೊಗಳನ್ನೇ ಬುಟ್ಟಿಗೆ ಹಾಕ್ಕೋತಾಳೆ, ನೀನ್ಯಾವ ಲೆಕ್ಕ ಅಂದೆ."

"ಹಂಗಂದ್ಯಾ? ಕೆಟ್ತು ಬಿಡು."

"ಯಾಕೆ, ಆಗಲ್ವಾ ನಿನ್ ಕೈಲಿ?"

ಆಗಲ್ಲ ಎನ್ನುವ ಹಾಗಿರಲಿಲ್ಲ. ವಿಲ್ಮಾ ಒಲ್ಲೆ ಎಂದರೆ ಅಪ್ಪನ ಹಾಡು ನಿಲ್ಲುತ್ತದೆ, ಮತ್ತೆ ಈ ವಯಸ್ಸಿನಲ್ಲಿ ಶುರುವಾಗುವುದಿಲ್ಲ. ಅದೊಂದೇ ಅವಳ ತಲೆಯಲ್ಲಿ ಕೊರೆಯುತ್ತಿದ್ದದ್ದು.

ವಾರವೆಲ್ಲ ಕೂತು ಅವಳು ಬೀದಿಕಡೆಯ ನಡುಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಗೋಡೆಯ ಹಳೇ ಹಸಿರು ಕೆರೆದುಹಾಕಿ ಸುಣ್ಣದ ಬಿಳಿ ಕೊಟ್ಟಳು. ಕೆಂಪು ಹೂವಿನ ಹಳೇ ನೆಲದ ಟೈಲ್ಸನ್ನು ಮಾತ್ರ ಉಜ್ಜಿ ಹೊಳಪಿಸಿ ಉಳಿಸಿಕೊಂಡಳು. ಕೈ ತನ್ನ ರೂಢಿಯ ಕೆಲಸ ತಾನೇ ಮಾಡಿತು: ಎರಡೂ ಕಿಟಕಿ ತೆರೆಯಿತು, ಸೂರ್ಯನನ್ನು ಎದುರಿಗೇ ತಂದಿತು, ಬಿಸಿಲನ್ನು ಕೋಣೆಯ ಮೂಲೆಮೂಲೆಗೂ ತುಂಬಿತು. ಚಿತ್ರ ಬಂದಾಗ ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

"ಇದು ನಮ್ಮನೇನೇನೇ? ಬಿಷಪ್ಪರ ಮನೆ ಥರ ಇದೆ!"

ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ವಿಲ್ಮಾಳ ಮನೆಗೆ ಹೋದರು. ವಿಲ್ಮಾ ಕನ್ನಡಕ ಏರಿಸಿ, ಕಸೂತಿ ಬದಿಗಿಟ್ಟು, ಚಿತ್ರವನ್ನು ಮೇಲಿಂದ ಕೆಳಗೆ ನೋಡಿದಳು. ಚೆನ್ನಾಗಿದೆ ಅಂದಳು. ಬಹಳ ಚೆನ್ನಾಗಿದೆ ಅಂದಳು. ಆಮೇಲೆ ಸೊಂಟದಿಂದ ಬೀಸಣಿಗೆ ತೆಗೆದು ಫಟಫಟನೆ ಬೀಸಿಕೊಳ್ಳತೊಡಗಿದಳು.

"ಅಯ್ಯಯ್ಯೋ! ಏನ್ ಸೆಕೆನೇ ಇದು! ಮಟಮಟ ಮಧ್ಯಾಹ್ನ ಕಿಟಕಿ ತೆಗೆದಿಟ್ಟೋರು ಯಾರು, ನಿಮ್ಮಪ್ಪನಾ?"

"ಚಿತ್ರದಲ್ಲಿ ಸೆಕೆ ಎಲ್ಲಿಂದ ಬರುತ್ತೆ ದೊನ್ಯಾ ವಿಲ್ಮಾ?"

"ನೋಡಿದ್ರೇ ಬೆವರು ಕಿತ್ಕೊಂಡು ಬರ್ತಿದೆಯಲ್ಲೇ! ಇಲ್ಲಿ ಒಂದ್ ಘಳಿಗೆ ಕೂತ್ರೆ ನಿಮ್ಮಪ್ಪನ ಬ್ರೆಡ್ ಥರ ಉಬ್ಬಿ ಹೋಗ್ತೀನಿ ನಾನು. ಒಲೆಯೊಳಗೆ ಸಂಸಾರ ಮಾಡು ಅಂತೀಯಲ್ಲ, ಲಿಂಬರ್ಟ್!"

ವಾಪಸು ಮನೆ ಹತ್ತಿರ ಬಂದಾಗ ಲಿಂಬರ್ಟ್ ಮೆಲ್ಲಗೆ ಕೇಳಿದ: "ಅದು ಆಗಲ್ಲ ಅಂದಂಗಾಯ್ತಾ?"

"ಸೆಕೆ ಅಂದ್ರಪ್ಪ, ಅಷ್ಟೇ. ತಣ್ಣಗೆ ಮಾಡಿದ್ರಾಯ್ತು."

ಹಾಗೆಂದಳೇ ಹೊರತು ನಿದಿಯಾಳಿಗೆ ತನ್ನ ಮೇಲೇ ನಗು ಬರುತ್ತಿತ್ತು. ಹುಟ್ಟಿದಂದಿನಿಂದ ಬೆಳಗಿನ ಬಿಸಿಲೇರುವ ಮೊದಲೇ ಕಿಟಕಿಯ ಮರದ ಬಾಗಿಲು ಎಳೆದು ಅಗುಳಿ ಹಾಕಿಕೊಂಡು ಬೆಳೆದವಳು ಅವಳು. ನೆರಳು ಎಲ್ಲಿದೆ ಎಂದು ನೋಡಿಕೊಂಡೇ ರಸ್ತೆ ದಾಟುವವಳು. ಅಂಥವಳು ಸ್ವಂತ ಅಪ್ಪನ ಮನೆಯ ಚಿತ್ರ ಮಾಡುವಾಗ ಕೆನಡಾದವಳಾಗಿಬಿಟ್ಟಿದ್ದಳು!

ಮರುದಿನ ನಡುಹಗಲಿಗೆ ಕಚೇರಿಯಿಂದ ತಪ್ಪಿಸಿಕೊಂಡು ಮನೆಗೆ ಬಂದು, ಮುಚ್ಚಿದ ನಡುಮನೆಯಲ್ಲಿ ಸುಮ್ಮನೆ ಕೂತಳು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡಮೇಲೆ ಒಂದೊಂದೇ ಕಂಡಿತು. ಬೀದಿಕಡೆಯಿಂದ ಬೆಳಕು ಬರುತ್ತಲೇ ಇರಲಿಲ್ಲ. ಬಂದದ್ದೆಲ್ಲ ಹಿಂದಿನ ಅಂಗಳದಿಂದ. ಅಲ್ಲಿ ಬಿಸಿಲು ನೀರು ಚೆಲ್ಲಿದ ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಹಿತ್ತಿಲ ಬಾಗಿಲಲ್ಲಿ ಒಳಗೆ ನುಗ್ಗಿ, ನಿಂಬೆಗಿಡದ ಒಂದಿಷ್ಟು ಹಸಿರನ್ನೂ ಜೊತೆಗೆ ತರುತ್ತಿತ್ತು. ಒಳಗಿನ ಟೈಲ್ಸಿನ ಕೆಂಪು ಗೋಡೆಯ ಬುಡಕ್ಕೆ ತೆಳ್ಳಗೆ ಅಂಟಿಕೊಂಡಿತ್ತು. ಮೇಲೆ ಚಾವಣಿಯ ತೊಲೆಗಳ ನಡುವೆ ನೀರಿನ ಹೊಳಪು ಅಲುಗಾಡುತ್ತಿತ್ತು. ಮೂಲೆಗಳು ಕತ್ತಲಾಗಿ, ತಂಪಾಗಿ, ಹಾಯಾಗಿದ್ದವು. ಎಷ್ಟು ಚೆನ್ನಾಗಿದೆ ನಮ್ಮ ಮನೆ ಎಂದು ಅವಳಿಗೆ ಅನ್ನಿಸಿತು.

ಸೂರ್ಯನನ್ನು ಮನೆಯ ಹಿಂದಕ್ಕೆ ಅಟ್ಟಿದಳು. ಕಿಟಕಿ ಮುಚ್ಚಿದಳು. ಬೆಳಕು ಒಂದೆರಡು ಸಲ ಪುಟಿದು ಸುಮ್ಮನಾಗುವಂತೆ ಇಟ್ಟಿದ್ದ ಲೆಕ್ಕವನ್ನು ಬದಲಿಸಿ, ನೆಲದಿಂದ ಗೋಡೆಗೆ, ಗೋಡೆಯಿಂದ ತೊಲೆಗೆ, ತೊಲೆಯಿಂದ ಮತ್ತೆ ನೆಲಕ್ಕೆ ದಣಿಯುವವರೆಗೂ ಓಡಾಡಲಿ ಎಂದು ಬಿಟ್ಟಳು. ಅಷ್ಟು ಲೆಕ್ಕಕ್ಕೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಭಾನುವಾರ ಬೆಳಗ್ಗೆಯೆಲ್ಲ ಅದರ ಫ್ಯಾನು ಗುಯ್‌ಗುಟ್ಟಿತು. ಅಪ್ಪ ಹಿಟ್ಟಿನ ಕೈಯಲ್ಲೇ ಮತ್ತೆ ಮತ್ತೆ ಬಂದು ಇಣುಕುತ್ತಿದ್ದ.

"ಬೆಂತಾ?"

"ಇನ್ನೂ ಇಲ್ಲಪ್ಪ."

"ಮಧ್ಯದಲ್ಲಿ ಬಾಗಿಲು ತೆಗೀಬೇಡ ಮತ್ತೆ, ಕುಸಿದು ಕೂತ್ಬಿಡುತ್ತೆ."

ಬೆಂದು ಬಂದ ಚಿತ್ರವನ್ನು ತಿದ್ದುವಾಗ ಕೈ ಹಳೇ ಚಾಳಿಯಂತೆ ಮೂಲೆಗಳನ್ನು ಬೆಳಗಿಸಲು ಹೋಯಿತು. ಗದರಿಸಿ ಹಿಂದಕ್ಕೆ ತಂದಳು. ಕಿಟಕಿಯ ಅಂಚಿನ ಮಂಜುಹೊಳಪನ್ನು ಒರೆಸಿ ಹಾಕಿದಳು. ಅಂಗಳದ ಬಾಗಿಲಿನ ಪಕ್ಕದ ಗಿಡ್ಡ ಬೆಂಚಿನ ಮೇಲೆ ಬೆಳಕು ಬಂದು ಕೂತಿತ್ತು. ಅದನ್ನಷ್ಟೇ ತುಸು ಎತ್ತಿ ತೋರಿಸಿದಳು. ಇದಕ್ಕಿಂತ ಒಳ್ಳೆಯ ಚಿತ್ರ ಅವಳು ಈವರೆಗೂ ಮಾಡಿರಲಿಲ್ಲ, ಅದು ಅವಳಿಗೂ ಗೊತ್ತಾಯಿತು. ಕಚೇರಿಯಲ್ಲಿ ರುಸೆಲ್ ಹೆಗಲ ಮೇಲಿಂದ ಬಗ್ಗಿ ನೋಡಿ, "ಯಾಕಮ್ಮ, ಇವರ ಮನೇಲಿ ಕರೆಂಟ್ ಹೋಗಿದ್ಯಾ?" ಎಂದು ಕೇಳಿದಾಗಲಂತೂ ಖಾತ್ರಿಯೇ ಆಯಿತು.

ಈ ಸಲ ವಿಲ್ಮಾ ಬೀಸಣಿಗೆ ತೆಗೆಯಲಿಲ್ಲ. ಬಹಳ ಹೊತ್ತು ನೋಡಿದಳು. ಲಿಂಬರ್ಟ್ ಬ್ರೆಡ್ಡಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಿದ್ದ.

"ಎಷ್ಟು ತಣ್ಣಗಿದೆ," ಅಂದಳು ವಿಲ್ಮಾ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. "ನಿದಿಯಾ, ಆ ಬೆಂಚು ಎಲ್ಮಿದಲ್ವಾ?"

"ಬೆಂಚಾ? ಅದು... ಸುಮ್ನೆ ಒಂದು ಬೆಂಚು."

"ಅಲ್ಲಿ ಕೂತ್ಕೊಂಡು ಬೀನ್ಸ್ ಆರಿಸ್ತಿದ್ಲು. ನಾನು ಬ್ರೆಡ್ಡಿಗೆ ಬಂದಾಗ ಅಲ್ಲಿಂದ್ಲೇ ಕೂಗಿ ಮಾತಾಡಿಸ್ತಿದ್ಲು. ಈ ಚಿತ್ರದಲ್ಲಿ ಎಲ್ಲಿ ನೋಡಿದ್ರೂ ನನ್ ಕಣ್ಣು ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತೆ ಮಗಳೇ. ನೀನು ಯಾರನ್ನೂ ಕೂರಿಸಿಲ್ಲ, ಗೊತ್ತು. ಆದ್ರೂ ಅವಳೇ ಕೂತಿದ್ದಾಳೆ." ಲ್ಯಾಪ್‌ಟಾಪನ್ನು ಮೃದುವಾಗಿ ಮುಚ್ಚಿದಳು. "ನಂಗೆ ಅವಳ ಮೇಲೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಅವಳನ್ನ ಎಬ್ಬಿಸಿ ನಾನು ಕೂರಕ್ಕಾಗುತ್ತಾ, ನೀನೇ ಹೇಳು?"

ನಿದಿಯಾ ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದು ಬಂದಳು. ಅಪ್ಪನ ಮುಂದೆ ಅಳಲಾರದೆ, ಮನೆಗೆ ಹೋಗುವ ಬದಲು ಎದುರಿಗೆ ಸಿಕ್ಕಿದ ಬಸ್ಸು ಹತ್ತಿ, ಕಿಟಕಿಯ ಕಡೆ ಮುಖಮಾಡಿ ಅತ್ತಳು. ವಿಲ್ಮಾ ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ನೋವಾದದ್ದು. ಅಪ್ಪನಿಗೆ ಹೊಸ ಮನೆ ಮಾಡಿಕೊಡುತ್ತೇನೆಂದು ಹೊರಟು, ಅವಳು ತನಗೆ ಬೇಕಾದವಳನ್ನು ವಾಪಸು ಕರೆತಂದು ಕೂರಿಸಿದ್ದಳು. ಅಮ್ಮ ಎಷ್ಟು ಬೇಕಾಗಿದ್ದಾಳೆ ಎಂಬುದು ಅವಳಿಗೆ ಆ ಬಸ್ಸಿನಲ್ಲೇ ತಿಳಿದದ್ದು. ಇಳಿಯುವ ಹೊತ್ತಿಗೆ ಅಳು ಮುಗಿದಿತ್ತು, ಮನಸ್ಸು ಏನೋ ಒಂಥರಾ ಹಗುರಾಗಿತ್ತು. ಆ ಚಿತ್ರವನ್ನು ತನಗೆಂದು ತೆಗೆದಿಟ್ಟುಕೊಂಡಳು.

ಆದರೆ ಮರುದಿನ ಬೆಳಗ್ಗೆ ಒಲೆಯ ಕಡೆಯಿಂದ ಹಾಡು ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಪಕ್ಕದ ಮನೆಯ ಮುದುಕಿ ಗೋಡೆಯ ಮೇಲಿಂದ ತಲೆ ತೂರಿಸಿ, "ಏನಮ್ಮ, ನಿಮ್ಮಪ್ಪಂಗೆ ಹುಷಾರಿಲ್ವಾ? ನಂಗೆ ಎಚ್ಚರಾನೇ ಆಗ್ಲಿಲ್ಲ," ಎಂದು ಗಾಬರಿಯಿಂದ ಕೇಳಿದಳು. ಅಪ್ಪ ಮಾತ್ರ ಎಂದಿನಂತೆ ಸಂಜೆಯಾದೊಡನೆ ತಲೆ ಬಾಚಿಕೊಂಡು ಬ್ರೆಡ್ ಹಿಡಿದು ಹೊರಟೇಬಿಡುತ್ತಿದ್ದ. ಒಲ್ಲೆ ಎನಿಸಿಕೊಂಡಮೇಲೂ ಹೋಗುತ್ತಾನಲ್ಲ, ಅಲ್ಲಿ ಹೋಗಿ ಏನು ಮಾಡುತ್ತಾನೆ ಎಂದು ನಿದಿಯಾಳಿಗೆ ಕುತೂಹಲ ಹುಟ್ಟಿತು. ಒಂದು ಸಂಜೆ ಹಿಂದೆಯೇ ಹೋದಳು.

ಬಿಸಿಲು ಇಳಿದು ಗಾಳಿ ಎದ್ದಿತ್ತು. ದಿನವಿಡೀ ಮುಚ್ಚಿಕೊಂಡಿದ್ದ ಕೇರಿ ಬಾಗಿಲು ತೆರೆದು ಬೀದಿಗೆ ಬಂದಿತ್ತು. ಮನೆಮನೆಯವರೂ ಕುರ್ಚಿ ಎಳೆದುಕೊಂಡು ಹೊಸ್ತಿಲಾಚೆ ಪಾದಚಾರಿ ಕಟ್ಟೆಯ ಮೇಲೆ ತಂಪಿಗೆ ಕೂತಿದ್ದರು. ವಿಲ್ಮಾಳೂ ಕೂತಿದ್ದಳು, ತೊಡೆಯ ಮೇಲೆ ಬಟ್ಟೆ ಬಿಗಿದ ಕಸೂತಿಯ ಬಳೆ ಇಟ್ಟುಕೊಂಡು. ಲಿಂಬರ್ಟ್ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು ಅದೇನೋ ಹೇಳುತ್ತಿದ್ದ, ಅವಳು ಸೂಜಿ ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ದಾರಿಹೋಕರು ನಿಂತು ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು. ಅವರ ಬೆನ್ನ ಹಿಂದೆ ಮನೆ ಖಾಲಿಯಾಗಿ ತೆರೆದುಕೊಂಡಿತ್ತು. ಒಳಗಿನ ದೀಪದ ಹಳದಿ ಬೆಳಕು ಹೊಸ್ತಿಲು ದಾಟಿ ಬಂದು ಅವಳ ಕೈಯ ಹೂವುಗಳ ಮೇಲೆ ಬಿದ್ದಿತ್ತು.

ನಿದಿಯಾ ಮೂಲೆಯಲ್ಲೇ ನಿಂತು ನೋಡಿದಳು. ಇವರಿಬ್ಬರೂ ಮನೆಯೊಳಗೆ ಒಟ್ಟಿಗೆ ಕೂತದ್ದನ್ನು ತಾನು ಯಾವತ್ತೂ ಕಂಡಿಲ್ಲ ಎಂಬುದು ಆಗ ಹೊಳೆಯಿತು. ಕೋಣೆಯಲ್ಲಿ ಇವರನ್ನು ಎಲ್ಲಿ ಕೂರಿಸಲಿ ಎಂದು ಎರಡು ಚಿತ್ರದುದ್ದಕ್ಕೂ ಅವಳು ಒದ್ದಾಡಿದ್ದಳು! ಅಪ್ಪನನ್ನು ಮಾತನಾಡಿಸದೆ, ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ವಾಪಸಾದಳು.

ಮೂರನೆಯ ಚಿತ್ರದಲ್ಲಿ ಸೂರ್ಯನೇ ಇರಲಿಲ್ಲ. ಅವನು ಮುಳುಗಿ ಆಗಿತ್ತು. ಕೋಣೆಯ ಒಳಗಿನಿಂದ ಬೀದಿಬಾಗಿಲ ಕಡೆ ನೋಡುವಂತೆ ಕ್ಯಾಮೆರಾ ತಿರುಗಿಸಿದಳು. ಕಿಟಕಿಗಳು, ಬಾಗಿಲು ಎಲ್ಲ ತೆರೆದವು. ಆಚೆಗೆ ಸಂಜೆಯ ನೀಲಿ ಆಕಾಶ, ಒಳಗೆ ದೀಪದ ಹಳದಿ. ಈ ಎರಡು ಬೆಳಕನ್ನು ಒಂದೇ ಕೋಣೆಯಲ್ಲಿ ಹೊಂದಿಸುವುದು ಅತ್ತೆ ಸೊಸೆಯರನ್ನು ಒಂದೇ ಅಡುಗೆಮನೆಯಲ್ಲಿ ಬಿಟ್ಟಂತೆ. ದೀಪಕ್ಕೆ ಸರಿಹೋಗುವಂತೆ ಬಣ್ಣ ಹದಮಾಡಿದರೆ ಬೀದಿ ಶಾಯಿಯಂತೆ ನೀಲಿಗಟ್ಟುತ್ತಿತ್ತು. ಬೀದಿಗೆ ಸರಿಮಾಡಿದರೆ ಕೋಣೆಯೆಲ್ಲ ಕಿತ್ತಳೆಹಣ್ಣಾಗುತ್ತಿತ್ತು. ಇಬ್ಬರನ್ನೂ ಸ್ವಲ್ಪ ಸ್ವಲ್ಪ ಸಮಾಧಾನಪಡಿಸಿ ನಡುವೆ ಒಂದು ಕಡೆ ನಿಲ್ಲಿಸಿದಳು. ಚಾವಣಿಯ ದೀಪ ಆರಿಸಿ, ಬಾಗಿಲ ಪಕ್ಕದ ಗೋಡೆಗೆ ತಗ್ಗಿನಲ್ಲಿ ಒಂದು ದೀಪ ಹಾಕಿದಳು, ಕೂತವರ ಮಡಿಲಿಗೆ ಬೆಳಕು ಬೀಳುವ ಎತ್ತರಕ್ಕೆ. ಅಂಗಳದ ಕಡೆಯ ಬೆಂಚನ್ನು ಅಳಿಸಲಿಲ್ಲ. ಅದು ಕ್ಯಾಮೆರಾದ ಬೆನ್ನ ಹಿಂದೆ ಇತ್ತು, ಅಲ್ಲೇ ಇರಲಿ ಎಂದು ಬಿಟ್ಟಳು. ಕಣ್ಣು ಈಗ ಕೆಂಪು ನೆಲದ ಮೇಲೆ ಜಾರಿ, ದೀಪದ ಬೆಳಕಿನ ಜೊತೆ ಹೊಸ್ತಿಲು ದಾಟಿ, ಆಚೆ ಕಟ್ಟೆಯ ಮೇಲೆ ಪಕ್ಕಪಕ್ಕ ಮನೆಗೆ ಬೆನ್ನುಮಾಡಿ ಇಟ್ಟಿದ್ದ ಎರಡು ಕುರ್ಚಿಗಳ ಹತ್ತಿರ ಹೋಗಿ ನಿಲ್ಲುತ್ತಿತ್ತು. ಚಿತ್ರದಲ್ಲಿ ಕಾಣುವ ಕೋಣೆಯೊಳಗೆ ಕೂರಲು ಒಂದು ಮಣೆಯೂ ಇರಲಿಲ್ಲ.

ಅಪ್ಪ ನೋಡಿ ಕಕ್ಕಾಬಿಕ್ಕಿಯಾದ. "ಮನೆಯೊಳಗೆ ಏನೂ ಇಲ್ವಲ್ಲೇ! ಕಳ್ಳರು ನುಗ್ಗಿದಂಗಿದೆ."

"ನೀನು ಸುಮ್ನೆ ಬ್ರೆಡ್ ತಗೊಂಡು ನಡಿಯಪ್ಪ."

ವಿಲ್ಮಾ ಬೀದಿಯಲ್ಲೇ ಕೂತಿದ್ದಳು. ನಿದಿಯಾ ಅವಳ ಮಡಿಲ ಮೇಲೆ, ಕಸೂತಿಯ ಬಳೆಯ ಮೇಲೆಯೇ, ಲ್ಯಾಪ್‌ಟಾಪ್ ಇಟ್ಟಳು. ಪರದೆಯೊಳಗಿನ ಸಂಜೆಯೂ ಹೊರಗಿನ ಸಂಜೆಯೂ ಒಂದೇ ಬಣ್ಣದಲ್ಲಿದ್ದವು. ವಿಲ್ಮಾ ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಚಿತ್ರದ ಬಾಗಿಲಲ್ಲಿ ಬೆರಳಿಟ್ಟು, ದೀಪದಿಂದ ಹೊಸ್ತಿಲವರೆಗೆ, ಹೊಸ್ತಿಲಿಂದ ಬೀದಿಯವರೆಗೆ ಮೆಲ್ಲಗೆ ಎಳೆದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಈ ಕುರ್ಚಿ ನಂಗೆ ಬೇಡ."

ನಿದಿಯಾ ಲ್ಯಾಪ್‌ಟಾಪ್ ವಾಪಸು ತೆಗೆದುಕೊಳ್ಳಲು ಕೈಚಾಚಿದಳು. ಲಿಂಬರ್ಟ್ ತಲೆ ತಗ್ಗಿಸಿದ.

"ಊಟದ ಮೇಜಿನ ಕುರ್ಚಿ ತಂದು ಬೀದೀಲಿ ಹಾಕಿದ್ದೀಯಲ್ಲೇ, ಒಳ್ಳೆ ಹಲಗೆ ಥರ ಇದೆ! ದಿನಾ ಸಂಜೆ ಇದ್ರ ಮೇಲೆ ಕೂತು ನನ್ ಸೊಂಟ ಏನಾಗ್ಬೇಕು? ಬೇಡಪ್ಪ. ನನ್ ಕುರ್ಚಿ ನಾನೇ ತರ್ತೀನಿ."

ಲಿಂಬರ್ಟನಿಗೆ ತಲೆಬುಡ ಹತ್ತಲಿಲ್ಲ. "ಅದು ಗಟ್ಟಿ ಕುರ್ಚಿ ಕಣೇ ವಿಲ್ಮಾ, ದೇವದಾರು ಮರದ್ದು, ನಮ್ ಮಾವ ಮಾಡ್ಸಿದ್ದು, ನೀನು ಸುಮ್ಸುಮ್ನೆ..."

ನಿದಿಯಾ ಅಪ್ಪನ ತೋಳು ಚಿವುಟಿದಳು. "ಅಪ್ಪಾ! ಅವ್ರೇನಂದ್ರು ಸರಿಯಾಗಿ ಕೇಳಿಸ್ಕೋ!"

"ಕೇಳಿಸ್ಕೊಂಡೆ. ಕುರ್ಚಿ ಬೇಡ ಅಂದ್ಲು. ಅವಳ ಕುರ್ಚಿ ಅವಳೇ ತರ್ತೀನಿ ಅಂ..." ಅವನ ಬಾಯಿ ಅಲ್ಲಿಗೇ ನಿಂತಿತು. ಚೀಲ ಕೈಜಾರಿ ಬ್ರೆಡ್ಡುಗಳು ಕಟ್ಟೆಯ ಮೇಲೆಲ್ಲ ಉರುಳಿದವು. "ವಿಲ್ಮಾ! ನಿಜವಾಗ್ಲೂನಾ?"

"ಬ್ರೆಡ್ ಎತ್ತು ಮೊದ್ಲು, ಅನ್ನಕ್ಕೆ ಮರ್ಯಾದೆ ಕೊಡೋದು ಕಲಿ," ಅಂದಳು ವಿಲ್ಮಾ. ಅವಳ ಕಣ್ಣು ತುಂಬಿತ್ತು, ಅದನ್ನು ಮರೆಸಲು ಸೂಜಿಗೆ ದಾರ ಪೋಣಿಸುವ ನಾಟಕ ಮಾಡುತ್ತಿದ್ದಳು.

ಲಿಂಬರ್ಟ್ ಬ್ರೆಡ್ ಎತ್ತಲಿಲ್ಲ. "ಏಳು," ಅಂದ.

"ಯಾಕೆ?"

"ಏಳೇ ಅಂದ್ರೆ."

ಅವಳು ಏಳುವುದೇ ತಡ, ಅವಳು ಕೂತಿದ್ದ ಹೆಣೆದ ಬೆನ್ನಿನ ಅಗಲ ಕುರ್ಚಿಯನ್ನು ಮಗುಚಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ವಯಸ್ಸಿನಲ್ಲಿ ಬ್ರೆಡ್ಡಿನ ದೊಡ್ಡ ಬುಟ್ಟಿ ಹೊತ್ತು ಇದೇ ಬೀದಿಗಳಲ್ಲಿ ಮಾರಿದ ತಲೆ ಅದು, ಕುರ್ಚಿ ಅಲುಗಲಿಲ್ಲ. ಕೈಬಿಟ್ಟುಕೊಂಡೇ ಬೀದಿಯ ನಡುವೆ ನಡೆದ.

"ಲಿಂಬರ್ಟ್! ಇನ್ನೂ ಮನೆಗೆ ಸುಣ್ಣಾನೇ ಬಳ್ದಿಲ್ವಲ್ಲೋ! ಮರ್ಯಾದೆ ತೆಗೀಬೇಡ, ಇಳಿಸೋ!" ಎಂದು ಕೂಗುತ್ತ ವಿಲ್ಮಾ ಕಸೂತಿಯ ಬಳೆ ಎದೆಗವಚಿಕೊಂಡು ಅವನ ಹಿಂದೆ ಓಡಿದಳು. ಅವಳು ನಗುತ್ತಿದ್ದದ್ದು ಇಡೀ ಬೀದಿಗೆ ಕೇಳಿಸುತ್ತಿತ್ತು. ನಿದಿಯಾ ಬ್ರೆಡ್ಡುಗಳನ್ನು ಚೀಲಕ್ಕೆ ತುಂಬಿ, ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ ಇಬ್ಬರ ಹಿಂದೆ ಹೊರಟಳು.

ತಂಪಿಗೆ ಕೂತಿದ್ದ ಕೇರಿಯವರೆಲ್ಲ ಎದ್ದು ನಿಂತರು. ಮೂಲೆಯ ಮನೆಯಿಂದ ಯಾರೋ ಕೂಗಿ ಕೇಳಿದರು: "ಏನ್ ದೊನ್ ಲಿಂಬರ್ಟ್, ಬ್ರೆಡ್ ಬಿಟ್ಟು ಕುರ್ಚಿ ವ್ಯಾಪಾರನಾ? ಎಲ್ಲಿಗೆ ಹೊರ್ಟ್ರಿ?"

"ಮನೆಗೆ!" ಅಂದ ಲಿಂಬರ್ಟ್, ತಲೆ ಅಲುಗಿಸದೆ.